ಟರ್ಬೈನ್ ಬಿಚ್ಚೋಕಿಂತ ಮುಂಚೆ ಏನು ನೋಡಬೇಕು? ನಮ್ಮ ಸ್ಟೀಮ್ ಬಳಗದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ್ರಿ. ಶಕ್ತಿನಗರದ ಥರ್ಮಲ್ ಪ್ಲಾಂಟಿನಾಗ 210 ಮೆಗಾವ್ಯಾಟ್ ಮಷಿನ್ ಮ್ಯಾಲೆ ಕೆಲಸ ಮಾಡಿ ನಿವೃತ್ತರಾದ ನಮ್ಮ ಸರ್ ಇವತ್ತು ರಾತ್ರಿ 8ರಿಂದ ಉತ್ತರ ಕೊಡ್ತಾರ. ವಿಷಯ: ಇರೋ ದುಡ್ಡಿನಾಗ ಯಾವ ರಿಪೇರಿ ಮೊದಲು. ಮಷಿನ್ ಎಷ್ಟು ದೊಡ್ಡದು, ಏನು ತೊಂದರೆ, ಸರಿಯಾಗಿ ಬರೀರಿ.

ಗಂಗಾವತಿ ರೈಸ್ ಮಿಲ್: ಸರ್, ನಮ್ದು 1.5 ಮೆಗಾವ್ಯಾಟ್, ಹೊಟ್ಟಿನ ಬಾಯ್ಲರ್. ಮೂರು ವರ್ಷ ಆತು, ಬಿಚ್ಚಿಲ್ಲ. ಸರ್ವಿಸ್‌ನವರು ಈ ಸಲ ಬಿಚ್ಚಲೇಬೇಕು ಅಂತಾರ. ಖರ್ಚು ಭಾಳ ಹೇಳ್ಯಾರ. ಬಿಚ್ಚಬೇಕೋ ಬ್ಯಾಡೋ?

ಸರ್: ವರ್ಷ ಎಣಿಸಿ ಬಿಚ್ಚಬೇಡಿ, ಲಾಗ್‌ಶೀಟ್ ನೋಡಿ ಬಿಚ್ಚಿರಿ. ಮಷಿನ್ ಹೊಸದಿದ್ದಾಗಿನ ಹಾಳೆ ಹುಡುಕಿ ಇವತ್ತಿನದರ ಪಕ್ಕ ಇಟ್ಟು ಇಲ್ಲಿ ಹಾಕಿ. ಅಷ್ಟೇ ಸ್ಟೀಮ್ ಹೋಗುವಾಗ ವೀಲ್ ಚೇಂಬರ್ (ಮೊದಲ ಸಾಲಿನ ಬ್ಲೇಡ್ ದಾಟಿದ ಜಾಗ) ಪ್ರೆಶರ್ ಏರಿದೆಯಾ? ಏರಿದ್ದರೆ ಬ್ಲೇಡಿನ ಮೇಲೆ ಪದರ ಕೂತಿದೆ. ಒಂದು ಯೂನಿಟ್ ಕರೆಂಟಿಗೆ ಎಷ್ಟು ಕೆಜಿ ಸ್ಟೀಮ್ ತಿನ್ನುತ್ತಿತ್ತು, ಈಗ ಎಷ್ಟು? ಬಂದ್ ಮಾಡಿದಾಗ ಪೂರ್ತಿ ನಿಲ್ಲಲು ಎಷ್ಟು ನಿಮಿಷ? ಮೊದಲಿಗಿಂತ ಬೇಗ ನಿಲ್ಲುತ್ತಿದ್ದರೆ ಒಳಗೆ ಏನೋ ಉಜ್ಜುತ್ತಿದೆ, ಇಲ್ಲವೇ ಬೇರಿಂಗ್ ಹಿಡಿಯುತ್ತಿದೆ. ಆದರೆ ಪ್ರತಿ ಸಲ ಕಂಡೆನ್ಸರ್‌ನ (ಬಳಸಿದ ಸ್ಟೀಮ್ ತಣಿಸಿ ನೀರು ಮಾಡುವ ಪಾತ್ರೆ) ಒಂದೇ ವ್ಯಾಕ್ಯೂಮ್‌ನಲ್ಲಿ ಅಳೆದಿರಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಇವೆಲ್ಲ ಮೊದಲಿನಂತೆಯೇ ಇದ್ದು, ವೈಬ್ರೇಷನ್ನೂ ಎಣ್ಣೆಯೂ ಚೆನ್ನಾಗಿದ್ದರೆ ಕೇಸಿಂಗ್ (ಟರ್ಬೈನಿನ ಹೊರ ಕವಚ) ಮುಟ್ಟಬೇಡಿ. ಆ ದುಡ್ಡಿನಲ್ಲಿ ಕಂಡೆನ್ಸರ್ ಟ್ಯೂಬ್ ತೊಳೆಸಿ, ಗಾಳಿ ಎಲ್ಲಿ ಎಳೆಯುತ್ತಿದೆ ಹುಡುಕಿಸಿ. ವ್ಯಾಕ್ಯೂಮ್ ಬಿದ್ದು ಸೋರುವ ದುಡ್ಡು ದಿನಾ ಸೋರುತ್ತಿರುತ್ತದೆ.

ಸಿಂಧನೂರು ಆಪರೇಟರ್: ವೈಬ್ರೇಷನ್ ಎಷ್ಟಿದ್ರ ಓಕೆ ಸರ್?

ಸರ್: ಒಂದು ನಂಬರ್ ಕೇಳಿ ಪ್ರಯೋಜನವಿಲ್ಲ. ನಿಮ್ಮ ಮಷಿನ್ ಹೋದ ತಿಂಗಳು ಎಷ್ಟಿತ್ತು, ಈಗ ಎಷ್ಟು, ಅದನ್ನು ಹಾಕಿ.

ಕುಡತಿನಿ ಟ್ರೈನಿ: ಸರ್ ನಮಸ್ತೆ, ಟರ್ಬೈನ್ ಸೈಡಿಗೆ ಬರಬೇಕಂದ್ರ ಯಾವ ಕೋರ್ಸ್ ಮಾಡ್ಲಿ?

ಕೊಪ್ಪಳ ಶಿಫ್ಟ್ ಇನ್‌ಚಾರ್ಜ್: ಸರ್, ಸ್ಪಂಜ್ ಐರನ್ ಪ್ಲಾಂಟು, 8 ಮೆಗಾವ್ಯಾಟ್, ಗೇರ್‌ಬಾಕ್ಸ್ ಐತಿ, ಟರ್ಬೈನ್ 6,800 ಆರ್‌ಪಿಎಂ. ಎರಡು ತಿಂಗಳಿಂದ ಟ್ರಿಪ್ (ತುರ್ತು ಬಂದ್) ಕೊಟ್ರೂ ಪೂರ್ತಿ ನಿಲ್ಲವಲ್ದು. 900ಕ್ಕ ಬಂದು ಅಲ್ಲೇ ತಿರಗತದ. ಮೇನ್ ಐಸೊಲೇಷನ್ ವಾಲ್ವ್ ಕೈಲೆ ಮುಚ್ಚಿದ ಮ್ಯಾಲೇ ನಿಲ್ಲತದ. ಮಾಲಕರು ವಾರ್ಷಿಕ ಶಟ್‌ಡೌನ್‌ನಾಗ ನೋಡೂಣು ಅಂತಾರ. ಓಡೋವಾಗ ಏನೂ ತ್ರಾಸಿಲ್ಲ.

ಸರ್: ತಮ್ಮಾ, ಉಳಿದ ಪ್ರಶ್ನೆಗಳನ್ನು ಬದಿಗಿಟ್ಟು ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಮಾಲಕರಿಗೂ ಓದಿಸು.

ಟ್ರಿಪ್ ಕೊಟ್ಟಾಗ ಸ್ಟೀಮ್ ತಡೆಯುವ ಸ್ಟಾಪ್ ವಾಲ್ವ್, ವೇಗ ಹಿಡಿದಿಡುವ ಗವರ್ನರ್ ವಾಲ್ವ್ ಎರಡೂ ಮುಚ್ಚಬೇಕು. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತಲೇ ಎರಡು ಇಟ್ಟಿರುವುದು. ನಿಮ್ಮ ಮಷಿನ್ 900ರಲ್ಲಿ ತಿರುಗುತ್ತಲೇ ಇದೆ ಅಂದರೆ ಸ್ಟೀಮ್ ಎರಡನ್ನೂ ದಾಟಿ ಬರುತ್ತಿದೆ. ಎರಡು ಬೀಗವೂ ಕೆಟ್ಟಿವೆ. ಓಡುವಾಗ ತ್ರಾಸಿಲ್ಲ ಅನ್ನುತ್ತೀಯ. ಓಡುವಾಗ ಈ ವಾಲ್ವ್‌ಗಳಿಗೆ ಮುಚ್ಚುವ ಕೆಲಸವೇ ಇರುವುದಿಲ್ಲ, ತ್ರಾಸು ಹೇಗೆ ಕಾಣಬೇಕು? ಗಾಳಿ-ಮಳೆಗೆ ಲೈನ್ ಹೋಗಿ ಬ್ರೇಕರ್ (ಜನರೇಟರನ್ನು ಲೈನಿಗೆ ಜೋಡಿಸುವ ಸ್ವಿಚ್) ತೆರೆದುಕೊಂಡ ಕ್ಷಣ ಲೋಡ್ ಪೂರ್ತಿ ಇಳಿಯುತ್ತದೆ. ಆಗ ವಾಲ್ವ್ ತೆರೆದೇ ಸಿಕ್ಕಿಕೊಂಡರೆ ವೇಗ ಸೆಕೆಂಡುಗಳಲ್ಲಿ ಏರುತ್ತದೆ. ವೇಗ ಶೇ. 10 ಹೆಚ್ಚಾದರೆ ಬ್ಲೇಡಿನ ಬುಡದ ಮೇಲಿನ ಎಳೆತ ಶೇ. 21 ಹೆಚ್ಚು, ಶೇ. 20ಕ್ಕೆ ಶೇ. 44. ಓವರ್‌ಸ್ಪೀಡ್ ಟ್ರಿಪ್ಪನ್ನು ಶೇ. 10ರ ಆಸುಪಾಸಿನಲ್ಲಿ ಇಡುವುದು ಇದಕ್ಕೇ. ಆದರೆ ಆ ಟ್ರಿಪ್ಪೂ ಇದೇ ವಾಲ್ವ್‌ಗಳನ್ನೇ ಮುಚ್ಚಬೇಕಲ್ಲ?

ವಾಲ್ವ್ ಎಷ್ಟು ತೆರೆದಿದೆ ಅಂತ ತೋರಿಸುವ ಪಾಯಿಂಟರ್ ನೋಡು. ಸೊನ್ನೆಗೆ ಬಂದು ಕೂತೂ ಸ್ಟೀಮ್ ಹೋಗುತ್ತಿದ್ದರೆ ಸೀಟ್ (ವಾಲ್ವ್ ಕೂತು ಮುಚ್ಚುವ ಜಾಗ) ಸವೆದಿದೆ. ಸೊನ್ನೆಗಿಂತ ಮೇಲೇ ನಿಂತರೆ ಸ್ಪಿಂಡಲ್ (ವಾಲ್ವಿನ ದಂಡ) ಹಿಡಿಯುತ್ತಿದೆ: ಉಪ್ಪಿನ ಪದರ, ಸೊಟ್ಟ ಸ್ಪಿಂಡಲ್, ಇಲ್ಲವೇ ವಾಲ್ವ್ ಆಡಿಸುವ ಸರ್ವೊಗೆ ಕೊಳೆ ಎಣ್ಣೆ. ಎರಡನೆಯದೇ ಹೆಚ್ಚು ಅಪಾಯ. ಇವತ್ತು ಸ್ವಲ್ಪ ಮೇಲೆ ನಿಂತದ್ದು ನಾಳೆ ಅರ್ಧದಲ್ಲೇ ನಿಲ್ಲಬಹುದು.

ಸರಿಮಾಡುವ ತನಕ ಓವರ್‌ಸ್ಪೀಡ್ ಟೆಸ್ಟ್ (ಬೇಕಂತಲೇ ವೇಗ ಏರಿಸಿ ಟ್ರಿಪ್ ಆಗುತ್ತದೆಯಾ ನೋಡುವುದು) ಮಾಡಲೇಬೇಡಿ. 2011ರಲ್ಲಿ ದಕ್ಷಿಣ ಆಫ್ರಿಕಾದ ಡುವಾ ಸ್ಥಾವರದ 4ನೇ ಯೂನಿಟ್ ಒಡೆದದ್ದು ಅಂಥ ಟೆಸ್ಟ್ ನಡೆಯುತ್ತಿದ್ದಾಗಲೇ. ವಾರ್ಷಿಕ ಶಟ್‌ಡೌನ್‌ಗೆ ಕಾಯುವ ಕೆಲಸ ಇದಲ್ಲ. ಕೇಸಿಂಗ್ ಬಿಚ್ಚುವ ಖರ್ಚಿನ ಮುಂದೆ ವಾಲ್ವ್ ಖರ್ಚು ಏನೇನೂ ಅಲ್ಲ.

ಕಾರಟಗಿ ಮಿಲ್: ನಮ್ದೂ ಎರಡು ವರ್ಷ ಆತು ಸರ್, ಬಿಚ್ಚಬೇಕಾ?

ಸರ್: ಮೇಲೆ ಬರೆದಿದ್ದೇನೆ.

ಕಾರಟಗಿ ಮಿಲ್: ಫಾರ್ವರ್ಡ್ ಬಂದದ ಸರ್: "ಟರ್ಬೈನ್ ಬಿಚ್ಚದೇ ಕ್ಲೀನ್! ಬಾಯ್ಲರ್ ನೀರಿಗೆ ಮೂರು ದಿನ ಕಾಸ್ಟಿಕ್ ಸೋಡಾ ಜಾಸ್ತಿ ಹಾಕಿ, ಬ್ಲೇಡಿನ ಸಿಲಿಕಾ ತಾನೇ ಬಿಡತದ. ಎಲ್ಲರಿಗೂ ಕಳಿಸಿ."

ಸರ್: ಯಾರಿಗೂ ಕಳಿಸಬೇಡಿ. ಬಾಯ್ಲರ್ ಡ್ರಮ್ಮಿನಲ್ಲಿ ನೊರೆ ಎದ್ದು ಕಾಸ್ಟಿಕ್ ಸ್ಟೀಮಿನ ಜೊತೆ ಟರ್ಬೈನಿಗೆ ಹೋಗುತ್ತದೆ, ಒತ್ತಡದಲ್ಲಿರುವ ಉಕ್ಕು ಒಳಗೊಳಗೇ ಬಿರುಕು ಬಿಡುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ನೀರಿನಲ್ಲಿ ಕರಗುವ ಉಪ್ಪನ್ನು ಹಸಿ ಸ್ಟೀಮಿನಿಂದ ತೊಳೆಯುವ ಕ್ರಮ ಇದೆ, ಅದನ್ನೂ ತಯಾರಕರ ಸೂಚನೆಯಂತೆ, ಕಡಿಮೆ ವೇಗದಲ್ಲಿ ಮಾಡುತ್ತಾರೆ. ಗಟ್ಟಿಯಾಗಿ ಕೂತ ಸಿಲಿಕಾ ಅದಕ್ಕೂ ಬಿಡುವುದಿಲ್ಲ, ರೋಟರ್ ಹೊರಗೆ ತೆಗೆದೇ ಕೆರೆಯಬೇಕು.

ತೋರಣಗಲ್ಲು ಸರ್ವಿಸ್: ಸರ್, ಬೇಜಾರು ಮಾಡ್ಕೋಬ್ಯಾಡ್ರಿ. ಬಿಚ್ಚಬ್ಯಾಡ್ರಿ ಅಂತ ಗ್ರೂಪಿನಾಗ ಬರದ್ರ ಮಿಲ್‌ನವರು ಹತ್ತು ವರ್ಷ ಬಿಚ್ಚಂಗಿಲ್ಲ. ಮ್ಯಾನ್ಯುವಲ್‌ನಾಗ ಅವಧಿ ಬರ್ದಾರ.

ಗಂಗಾವತಿ ರೈಸ್ ಮಿಲ್: ಮ್ಯಾನ್ಯುವಲ್ ಬರ್ದವ್ರು ಬಿಲ್ ಕೊಡಂಗಿಲ್ಲಲ್ರೀ. ಹೋದ ಸಲ ಬಿಚ್ಚಿದವರು ಅಲೈನ್‌ಮೆಂಟ್ ಕೆಡಿಸಿ ಹೋದ್ರು, ವೈಬ್ರೇಷನ್ ಅವತ್ತಿಂದಲೇ ಸುರುವಾತು.

ತೋರಣಗಲ್ಲು ಸರ್ವಿಸ್: ಕಡಿಮಿ ರೇಟ್ ಹೇಳಿದವ್ರನ್ನ ಕರಸಿದ್ರ ಹಂಗೇ ಆಗೋದು. ಶಕ್ತಿನಗರದಾಗ ನೀರಿನ ಉಪ್ಪೆಲ್ಲ ತೆಗಿಯೋ ಡಿಎಂ ಪ್ಲಾಂಟ್ ಇರ್ತದ, ಕೆಮಿಸ್ಟ್ ಇರ್ತಾರ. ನಿಮ್ಮ ಮಿಲ್ಲಿನಾಗ ನೀರು ಯಾರು ನೋಡ್ತಾರ?

ಗಂಗಾವತಿ ರೈಸ್ ಮಿಲ್: ನಮ್ಮ ನೀರಿನ ಸುದ್ದಿ ನಿಮಗ ಬ್ಯಾಡ.

ತೋರಣಗಲ್ಲು ಸರ್ವಿಸ್: ಬ್ಲೇಡ್ ಕೆರೆಯೋರು ನಾವು, ಮತ್ಯಾರಿಗೆ ಬೇಕು?

ಅಡ್ಮಿನ್: ಇಬ್ಬರೂ ಸಾಕ್ರಿ.

ಸರ್: ನೀರಿನ ಮಾತು ಸರಿಯಾಗಿದೆ, ನಾನು ಮೊದಲೇ ಬರೆಯಬೇಕಿತ್ತು. ಸ್ಟೀಮಿನಲ್ಲಿ ಸಿಲಿಕಾ 0.02 ಪಿಪಿಎಂ ಒಳಗಿರಬೇಕು. ಬೋರ್ ನೀರನ್ನು ಬರೀ ಸಾಫ್ಟ್ನರ್‌ನಲ್ಲಿ ಹಾಯಿಸಿದರೆ ಗಡಸುತನ ಹೋಗುತ್ತದೆ, ಸಿಲಿಕಾ ಹೋಗುವುದಿಲ್ಲ. ಗಂಗಾವತಿಯವರೇ, ಅಳೆಯದವರಿಗೆ ನಾನು ಹೇಳಿದ "ಮುಟ್ಟಬೇಡಿ" ಅನ್ವಯಿಸದು. ಲಾಗ್‌ಶೀಟೂ ಇಲ್ಲ, ನೀರಿನ ಪರೀಕ್ಷೆಯೂ ಇಲ್ಲ ಅಂದರೆ ಮ್ಯಾನ್ಯುವಲ್ ಹೇಳಿದಂತೆ ಬಿಚ್ಚಿಸಿ.

ಗಂಗಾವತಿ ರೈಸ್ ಮಿಲ್: ಮೊದಲು ಬ್ಯಾಡ ಅಂದ್ರಿ, ಈಗ ಬಿಚ್ಚಿಸಿ ಅಂತೀರಿ.

ಸರ್: ಲಾಗ್‌ಶೀಟ್ ಹಾಕಿ ಅಂತ ಕೇಳಿ ಒಂದೂವರೆ ತಾಸಾಯಿತು. ಇನ್ನೂ ಹಾಕಿಲ್ಲ.

ಸಿಂಧನೂರು ಆಪರೇಟರ್: ಎಣ್ಣಿ ಬೆಳ್ಳಗ ಹಾಲಿನಂಗ ಆಗ್ಯದ ಸರ್.

ಸರ್: ನೀರು ಸೇರಿದೆ. ಶಾಫ್ಟಿನ ಸಂದಿ ಮುಚ್ಚುವ ಗ್ಲ್ಯಾಂಡ್ ಸ್ಟೀಮ್, ಆಯಿಲ್ ಕೂಲರ್ ಎರಡೂ ನೋಡಿ. ಬರೀ ಎಣ್ಣೆ ಬದಲಿಸಿದರೆ ಮತ್ತೆ ಹಾಗೇ ಆಗುತ್ತದೆ.

ಕಾರಟಗಿ ಮಿಲ್: ಸರ್, ಹಂಗಾರ ನಾವು ಬಿಚ್ಚಬೇಕಾ?

ಕೊಪ್ಪಳ ಶಿಫ್ಟ್ ಇನ್‌ಚಾರ್ಜ್: ಸರ್, ಪಾಯಿಂಟರ್ ಫೋಟೊ ಹೋದ ವಾರ ನಿಲ್ಲಿಸಿದಾಗಿಂದು ಸಿಕ್ತು. ಸೊನ್ನೆಗಿಂತ ಮ್ಯಾಲೇ ನಿಂತದ. ಮಾಲಕರಿಗೆ ಫೋನಿನಾಗ ಎಲ್ಲಾ ಓದಿ ಹೇಳಿದೆ. ಮುಂಜಾನೆ 6ಕ್ಕ ಇಳಸ್ರಿ ಅಂದ್ರು.

ಸರ್: ಒಳ್ಳೆಯದು. ಇಳಿಸುವಾಗ ಬ್ರೇಕರ್ ಮೊದಲು ತೆಗೆಯಬೇಡ. ಲೋಡ್ ನಿಧಾನ ಇಳಿಸು, ಸ್ಟಾಪ್ ವಾಲ್ವ್ ಟ್ರಿಪ್ ಕೊಡು, ಮೀಟರ್ ರಿವರ್ಸ್ ಪವರ್ (ಜನರೇಟರೇ ಲೈನಿನಿಂದ ಕರೆಂಟ್ ಎಳೆಯುವುದು) ತೋರಿಸಿದ ಮೇಲೆ ಬ್ರೇಕರ್. ತೋರಿಸದಿದ್ದರೆ ಸ್ಟೀಮ್ ಇನ್ನೂ ತಳ್ಳುತ್ತಿದೆ ಎಂದರ್ಥ, ಮೊದಲು ಐಸೊಲೇಷನ್ ವಾಲ್ವ್ ಮುಚ್ಚಿಸು. ಅಲ್ಲೊಬ್ಬ ಮನುಷ್ಯನನ್ನು ಮುಂಚೆಯೇ ನಿಲ್ಲಿಸಿರು. ನಿಂತ ಮೇಲೆ ರೋಟರನ್ನು ನಿಧಾನ ತಿರುಗಿಸುವ ಬ್ಯಾರಿಂಗ್ ಗೇರ್ ಹಾಕು, ಬಿಸಿ ರೋಟರ್ ಸುಮ್ಮನೆ ನಿಂತರೆ ಬಾಗುತ್ತದೆ. ಸ್ಪಿಂಡಲ್ ಹೊರಗೆ ಬಂದಾಗ ಒರೆಸಬೇಡ, ಪದರ ಹಾಗೇ ಇರಲಿ, ಫೋಟೊ ಕಳಿಸು. ನಾನು 6ಕ್ಕೆ ಎದ್ದಿರುತ್ತೇನೆ.