ಲಾರಿಗೆ ವಿಮೆಯಿದೆ, ಲಾರಿ ಓಡುವ ರಸ್ತೆಗೆ?

ಪ್ರಶ್ನೆ – ಕಾರವಾರದಿಂದ

ಮಾನ್ಯರೇ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿತು, ಜೀವಗಳೂ ಹೋದವು. ಆ ದುಃಖ ಆರುವ ಮೊದಲೇ, ಆಗಸ್ಟ್ 7ರಂದು, ಕಾಳಿ ನದಿಯ ಹಳೆಯ ಸೇತುವೆ ಲಾರಿಯೊಂದರ ಸಮೇತ ಕುಸಿಯಿತು. ಬೈತಖೋಲ ಬಂದರಿನಿಂದ ಮೀನು ಸಾಗಿಸುವ ಎರಡು ಲಾರಿಗಳು ನನ್ನವು. ಅವುಗಳಿಗೆ ವಿಮೆಯಿದೆ. ರಸ್ತೆಗೆ, ಸೇತುವೆಗೆ ವಿಮೆ ಇರುತ್ತದೆಯೇ? ಇದ್ದರೆ ಅದರಿಂದ ರಸ್ತೆ ಗಟ್ಟಿಯಾಗುತ್ತದೆಯೇ?

ಉತ್ತರ – ಕುಮಟಾದಿಂದ

ನಾನು ವಿಮಾ ಸಮೀಕ್ಷಕನಾಗಿ ಕೆಲಸ ಮಾಡಿದವನು. ಮೊದಲು ತಮ್ಮ ಪಾಲಿಸಿಯನ್ನು ನೋಡಿಕೊಳ್ಳಿ. ಥರ್ಡ್ ಪಾರ್ಟಿ ಮಾತ್ರ ಇದ್ದರೆ ಗುಡ್ಡ ಬಿದ್ದು ಲಾರಿಗಾದ ಹಾನಿಗೆ ಏನೂ ಸಿಗದು. ಸಮಗ್ರ ಪಾಲಿಸಿಯಲ್ಲಿ ಭೂಕುಸಿತ, ನೆರೆ ಎರಡೂ ಸೇರಿರುತ್ತವೆ. ಹೆದ್ದಾರಿ ಮುಚ್ಚಿ ಬಾಡಿಗೆ ತಪ್ಪಿದ ನಷ್ಟವನ್ನು ಅದೂ ತುಂಬಿಕೊಡುವುದಿಲ್ಲ.

ಕಾಮಗಾರಿ ನಡೆಯುವಾಗ ಗುತ್ತಿಗೆದಾರರು ವಿಮೆ ಮಾಡಿಸುತ್ತಾರೆ. ಮುಗಿದ ಸರ್ಕಾರಿ ರಸ್ತೆಯ ಹೊಣೆಯನ್ನು ಸಾಮಾನ್ಯವಾಗಿ ಸರ್ಕಾರವೇ ಹೊರುತ್ತದೆ. ರಾಜ್ಯ ವಿಪತ್ತು ನಿಧಿಗೆ ಕೇಂದ್ರದ್ದು ಶೇ. 75, ಕರ್ನಾಟಕದ್ದು ಶೇ. 25 ಪಾಲು. ನಾಗಾಲ್ಯಾಂಡ್ ಇದರ ಜೊತೆಗೆ ಮಳೆಯ ಪ್ರಮಾಣವನ್ನೇ ಆಧರಿಸಿದ ವಿಮೆಯನ್ನು ಪಡೆದಿದೆ. ನಿಗದಿತ ಮಿತಿ ಮೀರಿ ಮಳೆ ಸುರಿದರೆ ಹಾನಿಯ ಸಮೀಕ್ಷೆಗೆ ಕಾಯದೆ ಹಣ ಬರುವುದರಿಂದ, ಮಣ್ಣು ತೆಗೆಯುವ, ಬದಲಿ ದಾರಿ ಮಾಡುವ ಕೆಲಸ ಬೇಗ ಆರಂಭವಾಗಬಹುದು. ತೊಡಕು ಒಂದೇ: ಮಳೆಮಾಪಕ ಪೇಟೆಯಲ್ಲಿದ್ದು ಮಳೆ ಘಟ್ಟದ ನೆತ್ತಿಯಲ್ಲಿ ಸುರಿದರೆ, ರಸ್ತೆ ಹೋದರೂ ಹಣ ಬಾರದು.

ಉತ್ತರ – ಶಿರಸಿಯಿಂದ

ನಿವೃತ್ತ ಎಂಜಿನಿಯರನಾಗಿ ಒಂದು ಮಾತು ಸೇರಿಸುತ್ತೇನೆ. ಹಣ ಗುಡ್ಡವನ್ನು ಹಿಡಿದು ನಿಲ್ಲಿಸುವುದಿಲ್ಲ, ಚರಂಡಿ ನಿಲ್ಲಿಸುತ್ತದೆ. ನಮ್ಮ ಕೆಂಪುಮಣ್ಣಿನ ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿದು, ನೆತ್ತಿಯ ನೀರಿಗೆ ಕಾಲುವೆ ಮಾಡದೆ ಬಿಟ್ಟರೆ, ಒಳಗಿಳಿದ ನೀರಿನ ಒತ್ತಡಕ್ಕೇ ಅದು ಜಾರುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಕಡಿಯುವುದು, ತಡೆಗೋಡೆಯಲ್ಲಿ ನೀರು ಹೊರಬರುವ ತೂತುಗಳನ್ನು ಬಿಡುವುದು, ಮೇ ತಿಂಗಳೊಳಗೆ ಚರಂಡಿ ಬಿಡಿಸುವುದು ದುಬಾರಿ ಕೆಲಸಗಳಲ್ಲ. ಕೊಂಕಣ ರೈಲ್ವೆಯನ್ನು ನೋಡಿ: ಮಳೆಗಾಲಕ್ಕೆ ಬೇರೆ ವೇಳಾಪಟ್ಟಿ, ತಗ್ಗಿಸಿದ ವೇಗ, ಹಳಿಯುದ್ದಕ್ಕೂ ಗಸ್ತು. 2003ರಲ್ಲಿ ವೈಭವವಾಡಿಯ ಬಳಿ ಬಂಡೆ ಉರುಳಿ ರೈಲು ಹಳಿ ತಪ್ಪಿ ಜನ ಸತ್ತ ಮೇಲೆ ಇಳಿಜಾರು ಭದ್ರಪಡಿಸುವ ಕೆಲಸಕ್ಕೆ ಅಲ್ಲಿ ಹೆಚ್ಚು ಒತ್ತು ಬಂತು. ಇಳಿಜಾರಿನ ತಪಾಸಣಾ ವರದಿ ಸರಿಯಿದ್ದರೆ ಮಾತ್ರ ವಿಮೆಯ ಕಂತು (ಪ್ರೀಮಿಯಂ) ಕಡಿಮೆ ಎಂಬ ಷರತ್ತಿದ್ದರೆ, ವಿಮೆಯೂ ರಸ್ತೆಯನ್ನು ಗಟ್ಟಿ ಮಾಡೀತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಅರಬೈಲ್ ಮತ್ತು ದೇವಿಮನೆ ಘಟ್ಟಗಳ ಮೇಲೆಯೇ ಮಳೆಮಾಪಕ ಇಡಬೇಕು, ಮೇ ತಿಂಗಳ ತಪಾಸಣಾ ವರದಿಯನ್ನು ಜನರ ಮುಂದಿಡಬೇಕು ಎಂದು ನಮ್ಮ ಲಾರಿ ಮಾಲೀಕರೆಲ್ಲ ಸೇರಿ ಜಿಲ್ಲಾಧಿಕಾರಿಯವರಿಗೆ ಮನವಿ ಬರೆಯುತ್ತೇವೆ. ಕರಡನ್ನು ಇಲ್ಲಿ ಹಾಕಿದಾಗ ದಯವಿಟ್ಟು ತಿದ್ದಿಕೊಡಿ.