ದಾಲ್ ಮಿಲ್ಲಿನ ಚೆಕ್, ರಸೀದಿ ಮಾಲೀಕರ ಹೆಸರಿಗೆ: ಪಕ್ಷದ ಲೆಕ್ಕದಾಗ ನಡೀತದೇನ್ರಿ?

ಸೇಡಂ ಖಜಾಂಚಿ:
ನೋಂದಾಯಿತ ಪಕ್ಷದ ತಾಲ್ಲೂಕು ಘಟಕದ ಲೆಕ್ಕ ನನ್ನ ಕಡೆ ಅದ. ತೊಗರಿ ಮಾರಾಟ ಮುಗಿದ ಮ್ಯಾಲ ಅಡತಿಯವರು, ದಾಲ್ ಮಿಲ್ಲಿನವರು ದೇಣಿಗೆ ಕೊಡ್ತಾರ. ಒಬ್ರು 18,000 ನಗದು ತಂದು, "20,000ದ ಒಳಗೇ ಅದಲ್ಲ, ಬರ್ಕೊಳ್ರಿ" ಅಂತಾರ. ಇನ್ನೊಬ್ರು ಮಿಲ್ಲಿನ ಚೆಕ್ ಕೊಟ್ಟು ರಸೀದಿ ತಮ್ಮ ಹೆಸರಿಗೆ ಕೇಳ್ತಾರ. ಹೆಂಗ ಬರೀಬೇಕ್ರಿ?

ಲೆಕ್ಕಪತ್ರ ಕಲಬುರಗಿ:
18,000 ನಗದು ಬ್ಯಾಡೇ ಬ್ಯಾಡ್ರಿ. 20,000 ಅನ್ನೋದು ಚುನಾವಣಾ ಆಯೋಗಕ್ಕ ಹೆಸರು ಕೊಡೋ ಮಿತಿ. ಅದಕ್ಕಿಂತ ಹೆಚ್ಚು ಕೊಟ್ಟವರ ವಿವರ ನಮೂನೆ 24ಎ ಒಳಗ ಹೋಗ್ತದ. ನಗದಿನ ಮಿತಿ ಬ್ಯಾರೆ, 2017ರ ತಿದ್ದುಪಡಿಯಿಂದ ಬರೀ 2,000. ಅದು ಮೀರಿದ್ರ ಇಡೀ ಪಕ್ಷದ ತೆರಿಗೆ ವಿನಾಯಿತಿಗೇ ಕುತ್ತು. 2,000ದ ಒಂಬತ್ತು ರಸೀದಿ ಹರಿಯೋ ಉಪಾಯ ಯಾರರ ಹೇಳೇ ಹೇಳ್ತಾರ. ಒಂದೇ ತಾರೀಖು, ಒಂದೇ ಕೈಬರಹ, ಸಾಲಾಗಿ ನಂಬರು. ಆಡಿಟರ್ ಕಾರ್ಬನ್ ಪ್ರತಿ ತಿರುವಿದ ಕೂಡ್ಲೇ ಗೊತ್ತಾಗ್ತದ. ನಗದು ಕೊಟ್ರ ಕೊಟ್ಟವರಿಗೂ ತೆರಿಗೆ ಕಡಿತ ಸಿಗಂಗಿಲ್ಲ ಅಂತ ಹೇಳ್ರಿ, ಚೆಕ್ ಬುಕ್ಕು ತೆಗೀತಾರ.

ಆಳಂದ ರಸ್ತೆ:
ಹಣ ಯಾರ ಖಾತೆಯಿಂದ ಬಂತೋ ರಸೀದಿ ಅವರ ಹೆಸರಿಗೇ. ಪಾಸ್‌ಬುಕ್ಕಿನಲ್ಲಿ ಮಿಲ್ಲು, ರಸೀದಿಯಲ್ಲಿ ಮಾಲೀಕರು ಅಂತಾದರೆ ಲೆಕ್ಕ ತಾಳೆಯಾಗದು, ಪ್ಯಾನ್ ಕೂಡ ತಪ್ಪುತ್ತದೆ. ಮಿಲ್ಲು ಪಾಲುದಾರಿಕೆಯದೋ ಪ್ರೈವೇಟ್ ಲಿಮಿಟೆಡ್ಡೋ ಮೊದಲು ಕೇಳಿ. ಕಂಪನಿಯಾದರೆ ಮೂರು ಹಣಕಾಸು ವರ್ಷ ತುಂಬಿರಬೇಕು, ನಿರ್ದೇಶಕ ಮಂಡಳಿಯ ನಿರ್ಣಯ ಬೇಕು. ಅದರ ಪ್ರತಿ ಇಟ್ಟುಕೊಳ್ಳಿ. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಚುನಾವಣಾ ಬಾಂಡ್ ಜೊತೆಗೆ, ಕಂಪನಿ ದೇಣಿಗೆಯ ಮಿತಿ ತೆಗೆದಿದ್ದ ತಿದ್ದುಪಡಿಯನ್ನೂ ರದ್ದು ಮಾಡಿತು. ಹಾಗಾಗಿ ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 7.5 ದಾಟುವಂತಿಲ್ಲ.

ಲೆಕ್ಕಪತ್ರ ಕಲಬುರಗಿ:
ಇನ್ನೊಂದು. 20,000 ಒಂದು ರಸೀದಿಗಲ್ರಿ. ಒಬ್ಬರಿಂದ ಏಪ್ರಿಲ್‌ನಿಂದ ಮಾರ್ಚ್ ತನಕ ಪಕ್ಷಕ್ಕ ಬಂದದ್ದರ ಮ್ಯಾಲ. ಸೇಡಂದಾಗ 12,000, ಕಲಬುರಗಿಯಾಗ 15,000 ಚೆಕ್ ಕೊಟ್ರ ಹೆಸರು ಹೋಗಬೇಕು. ಇಲ್ಲಿ ಶರಣಪ್ಪ, ಅಲ್ಲಿ ಶರಣಬಸಪ್ಪ ಅಂತ ಬರೆದ್ರ ರಾಜ್ಯ ಕಚೇರಿಯವರು ಇಬ್ರಂತ ಹಿಡೀತಾರ. ಸಣ್ಣ ಮೊತ್ತಕ್ಕೂ ಪ್ಯಾನ್, ಪೂರ್ತಿ ವಿಳಾಸ ತಗೊಳ್ರಿ. ನಗದು ವಾರದೊಳಗ ಬ್ಯಾಂಕಿಗಿ ಕಟ್ರಿ. ಕೆಟ್ಟ ರಸೀದಿ ಒಗೀಬ್ಯಾಡ್ರಿ, ಎರಡೂ ಪ್ರತಿ ಮ್ಯಾಲ 'ರದ್ದು' ಬರೆದು ಪುಸ್ತಕಕ್ಕೇ ಪಿನ್ ಹಚ್ರಿ.

ಸೇಡಂ ಖಜಾಂಚಿ:
ಹಂದರದವರು ಬಾಡಿಗಿ ಬ್ಯಾಡ ಅಂದ್ರ?

ಆಳಂದ ರಸ್ತೆ:
ಬಿಲ್ಲು ಮಾತ್ರ ಇಸ್ಕೊಳ್ಳಿ. ಅಷ್ಟೇ ಮೊತ್ತ ಜಮೆಯಲ್ಲಿ ವಸ್ತುರೂಪದ ದೇಣಿಗೆ, ಖರ್ಚಿನಲ್ಲಿ ಸಭೆ ವೆಚ್ಚ. ನಾಮಪತ್ರ ಸಲ್ಲಿಸಿದ ಅಭ್ಯರ್ಥಿ ವೇದಿಕೆ ಮೇಲಿದ್ದರೆ ಮಾತು ಬೇರೆ; ಜಿಲ್ಲಾ ಚುನಾವಣಾಧಿಕಾರಿಯ ದರಪಟ್ಟಿ ಪ್ರಕಾರ ಅದು ಅವರ ವೆಚ್ಚಕ್ಕೆ ಬೀಳುತ್ತದೆ.