‘ಬ್ಯಾಂಟಮ್’ ಕೋಳಿಗೆ ‘ಗಿಡ್ಡ’ ಒಪ್ಪುತ್ತದೆಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ಇಟಲಿಯ ಅಪರೂಪದ ನಾಟಿ ಕೋಳಿಗಳ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ತೀರಾ ಚಿಕ್ಕ ಮೈಯ ಕೋಳಿಗಳಿಗೆ ಇಂಗ್ಲಿಷಿನಲ್ಲಿ ಹೇಳುವ ‘ಬ್ಯಾಂಟಮ್’ ಅನ್ನೋ ಪದದ ಹತ್ತಿರ ಬಂದು ನಿಂತಿದ್ದೇನೆ. ಕೋಳಿ ಸಾಕಿದವರು, ಹಳ್ಳಿಯ ಮಾತು ಬಲ್ಲವರು ಸಹಾಯ ಮಾಡಬೇಕು.

ಅಂಥ ಒಂದು ಕೋಳಿಯ ಹೆಸರು ಮೆರಿಕನೆಲ್ ದೆಲ್ಲಾ ಬ್ರಿಯಾಂತ್ಸಾ. ಬ್ರಿಯಾಂತ್ಸಾ ಇರುವುದು ಲೊಂಬಾರ್ದಿಯಲ್ಲಿ, ಮಿಲಾನ್ ನಗರದಿಂದ ಉತ್ತರಕ್ಕೆ, ಕೋಮೋ ಸರೋವರದ ಕಡೆಗೆ ಹೋಗುವ ಗುಡ್ಡಗಳ ನಾಡು. ಈ ಕೋಳಿಯ ಹುಂಜ 700–800 ಗ್ರಾಂ ತೂಗುತ್ತದೆ. ಹೇಂಟೆ ಇನ್ನೂ ಕಡಿಮೆ, 600–700 ಗ್ರಾಂ. ನಮ್ಮ ನಾಟಿ ಹುಂಜ ಸಲೀಸಾಗಿ ಎರಡು ಕೆಜಿ ಮುಟ್ಟುತ್ತದೆ, ಅಲ್ವಾ? ಮೊಟ್ಟೆಯೂ ಸಣ್ಣದು, ಮಾಂಸವೂ ಕಡಿಮೆ. ಆದರೆ ಕಾವಿಗೆ ಕೂರುವುದರಲ್ಲಿ ಇದರದ್ದು ಎತ್ತಿದ ಕೈ. ಮೈ ಹಗುರವಾದ್ದರಿಂದ ಗೌಜಲಕ್ಕಿ, ಲಾವಕ್ಕಿಯಂಥ ಹಕ್ಕಿಗಳ ಮೊಟ್ಟೆಗಳನ್ನೂ ಇದರ ಕೆಳಗಿಟ್ಟು ಮರಿ ಮಾಡಿಸುತ್ತಿದ್ದರು. ಇಂಥ ಕೋಳಿ ಈಗ ಅಪರೂಪವಾಗಿದೆ ಅನ್ನೋದು ನನಗೆ ನಿಜಕ್ಕೂ ಬೇಸರದ ವಿಷಯ.

ಇನ್ನು ಪದದ ವಿಷಯ. ‘ಬ್ಯಾಂಟಮ್’ ಮೂಲದಲ್ಲಿ ಒಂದು ಊರಿನ ಹೆಸರು. ಜಾವಾ ದ್ವೀಪದ ಬಾಂತೆನ್ ಬಂದರಿನಿಂದ ಬಂದದ್ದು. ಇಟಲಿಯವರು ಇಂಥ ಕೋಳಿಗೆ ತಮ್ಮದೇ ಮಾತಿನಲ್ಲಿ ‘ನಾನಾ’ ಅನ್ನುತ್ತಾರೆ, ಕುಳ್ಳಿ ಎಂದು ಅರ್ಥ. ಹಾಗಾದರೆ ನಾವು ಏನನ್ನಬೇಕು?

‘ಪುಟ್ಟ ಕೋಳಿ’ ಎಂದು ಬರೆದು ನೋಡಿದೆ. ಅದು ಸಾಲದು. ವೆನೆತೋ ಪ್ರಾಂತದಲ್ಲಿ ಪೆಪೋಯ್ ಎಂಬ ಇನ್ನೊಂದು ಅಂಗಳದ ಕೋಳಿ ಇದೆ. ಅದರ ಹೇಂಟೆ ಸುಮಾರು ಒಂದು ಕೆಜಿ ಬರುತ್ತದೆ. ಅದೂ ಪುಟ್ಟದೇ, ಆದರೆ ಬ್ಯಾಂಟಮ್ ಅಲ್ಲ. ಎರಡನ್ನೂ ‘ಪುಟ್ಟ’ ಅಂದರೆ ಓದುವವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ.

‘ಕುಬ್ಜ’ ನನಗೆ ಸುತರಾಂ ಇಷ್ಟವಿಲ್ಲ. ದೊಡ್ಡದಾಗಬೇಕಿದ್ದದ್ದು ಬೆಳೆಯದೆ ಉಳಿಯಿತು ಎಂಬ ಭಾವ ಅದರಲ್ಲಿದೆ. ಕೆಲವು ಬ್ಯಾಂಟಮ್‌ಗಳು ನಿಜಕ್ಕೂ ದೊಡ್ಡ ತಳಿಯ ಚಿಕ್ಕ ರೂಪಗಳೇ. ನಮ್ಮ ಫಾರಂಗಳಲ್ಲಿರುವ ಬಿಳಿ ಲೆಗ್‌ಹಾರ್ನ್‌ಗೆ ಆ ಹೆಸರು ಬಂದದ್ದು ಇಟಲಿಯ ಲಿವೋರ್ನೋ ಬಂದರಿನಿಂದ. ಆ ಲಿವೋರ್ನೋ ಕೋಳಿಗೆ ಒಂದು ಚಿಕ್ಕ ರೂಪವೂ ಇದೆ. ಮೆರಿಕನೆಲ್ ಹಾಗಲ್ಲ. ಅದಕ್ಕೆ ದೊಡ್ಡ ರೂಪವೇ ಇಲ್ಲ, ಅದು ಇರುವುದೇ ಅಷ್ಟು. ಅದನ್ನು ಕುಬ್ಜ ಎಂದು ಕರೆಯಲು ಮನಸ್ಸು ಬರುವುದಿಲ್ಲ.

ಹಾಗಾಗಿ ‘ಗಿಡ್ಡ’ ಎಂಬ ಪದಕ್ಕೆ ಬಂದಿದ್ದೇನೆ. ಇದಕ್ಕೆ ನಮ್ಮಲ್ಲೇ ಆಧಾರವಿದೆ. ಮಲೆನಾಡು ಗಿಡ್ಡ ದನದ ಹೆಸರು ಯಾರಿಗೂ ಕೊರತೆಯ ಮಾತಾಗಿ ಕೇಳುವುದಿಲ್ಲ. ಕಾಡಿಗೆ ಹೋಗಿ ತಾನೇ ಮೇದು ಬರುವ ಆ ದನವನ್ನು ಜನ ಅಭಿಮಾನದಿಂದಲೇ ಗಿಡ್ಡ ಎನ್ನುತ್ತಾರೆ. ತೆಂಗಿನಲ್ಲೂ ಎತ್ತರದ ತಳಿ, ಗಿಡ್ಡ ತಳಿ ಎಂದು ತೋಟದವರು ದಿನಾ ಹೇಳುತ್ತಾರೆ. ಹಾಗಾದರೆ ‘ಬ್ರಿಯಾಂತ್ಸಾ ಗಿಡ್ಡ’ ಎಂದರೆ ತಪ್ಪೇನು? ಬ್ಯಾಂಟಮ್‌ಗೆಲ್ಲ ‘ಗಿಡ್ಡ ಕೋಳಿ’, ದೊಡ್ಡ ತಳಿಯ ಚಿಕ್ಕ ರೂಪಕ್ಕೆ ‘ಗಿಡ್ಡ ಲಿವೋರ್ನೋ’ ಎಂಬಂತೆ ಬಳಸಬಹುದು ಅನ್ನಿಸುತ್ತದೆ. ಒಂದೇ ಅನುಮಾನ: ಗಿಡ್ಡ ಕೋಳಿ ಅಂದರೆ ಬರೀ ಕಾಲು ಗಿಡ್ಡವಾದ ಕೋಳಿ ಎಂದು ನಿಮ್ಮ ಕಿವಿಗೆ ಬೀಳುತ್ತದೆಯೇ?

‘ಮೆರಿಕನೆಲ್’ ಅನ್ನೋ ಮಾತೂ ಚೆನ್ನಾಗಿದೆ. ಅಲ್ಲಿನ ಆಡುಮಾತಿನಲ್ಲಿ ಅದು ‘ಪುಟ್ಟ ಅಮೆರಿಕದ್ದು’ ಎಂಬಂತೆ ಕೇಳುತ್ತದೆ. ಉತ್ತರ ಇಟಲಿಯಲ್ಲಿ ಇಂಥ ಚಿಕ್ಕ ಕೋಳಿಗಳನ್ನು ‘ಅಮೆರಿಕಾನಿನೆ’ ಎಂದೂ ಕರೆಯುತ್ತಾರೆ. ನಮ್ಮ ಸೀಮೆಬದನೆ, ಸೀಮೆಹಸು ನೆನಪಾಗುತ್ತದೆ. ಆದರೆ ‘ಸೀಮೆಕೋಳಿ’ ಎಂದು ಬರೆಯುವಂತಿಲ್ಲ, ಆ ಹೆಸರು ಬೇರೆ ಹಕ್ಕಿಗೆ ಆಗಲೇ ಹೋಗಿದೆ. ನಿಮ್ಮ ಕಡೆ ಸೀಮೆಕೋಳಿ ಅಂದರೆ ಟರ್ಕಿಯೋ, ಗಿನಿ ಕೋಳಿಯೋ? ಇದನ್ನೂ ತಿಳಿಸಿ.

ಕೊನೆಯದಾಗಿ ಒಂದು ಸಣ್ಣ ಪ್ರಶ್ನೆ. ಇಟಲಿಯವರು ಕೋಳಿ, ಬಾತು, ಮೊಲಗಳನ್ನೆಲ್ಲ ಸೇರಿಸಿ ‘ಕೊರ್ತೀಲೆ’ಯ ಪ್ರಾಣಿಗಳು ಎನ್ನುತ್ತಾರೆ. ನಮ್ಮ ಪಶುಪಾಲನಾ ಇಲಾಖೆಯ ಬರಹಗಳಲ್ಲಿ ‘ಹಿತ್ತಲ ಕೋಳಿ ಸಾಕಾಣಿಕೆ’ ಎಂದಿರುತ್ತದೆ. ಆದರೆ ಲೊಂಬಾರ್ದಿಯ ಹಳೆಯ ರೈತರ ಮನೆಗಳಲ್ಲಿ ಕೊರ್ತೀಲೆ ಹಿಂದೆ ಇರುವುದಿಲ್ಲ. ಸುತ್ತ ಮನೆ, ಕೊಟ್ಟಿಗೆ, ಹುಲ್ಲಿನ ಅಟ್ಟ, ನಡುವೆ ಎಲ್ಲರೂ ಓಡಾಡುವ ತೆರೆದ ಜಾಗ. ನನಗೆ ‘ಅಂಗಳದ ಕೋಳಿ’ಯೇ ಸರಿ ಅನ್ನಿಸಿದೆ. ಉತ್ತರ ಕರ್ನಾಟಕದವರು ‘ಜವಾರಿ ಕೋಳಿ’ ಸಾಕು ಎನ್ನಬಹುದು. ಆದರೆ ಅದು ತಳಿಯನ್ನು ಹೇಳುತ್ತದೆ, ಸಾಕುವ ಜಾಗವನ್ನಲ್ಲ.

ನಿಮ್ಮ ಊರಲ್ಲಿ ಇಂಥ ಸಣ್ಣ ಜಾತಿಯ ಕೋಳಿಗೆ ಬೇರೆ ಹೆಸರೇನಾದರೂ ಇದ್ದರೆ, ಯಾವ ತಾಲ್ಲೂಕಿನ ಮಾತು ಎಂಬುದರ ಜೊತೆ ಬರೆಯಿರಿ. ಹಾಗೆಯೇ, ಯಾವಾಗಲೂ ಕಾವಿಗೆ ಕೂರುವ ಹೇಂಟೆಗೆ ಒಂದೇ ಪದದ ಹೆಸರು ಎಲ್ಲಾದರೂ ಇದ್ದರೆ ಅದೂ ಬೇಕು.